ಪ್ರೆಶರ್ ಇಳೀದೆ ನಿಂತ್ರೆ ಬಾವಿ ಸರಿ ಇದೆ ಅಂತಾನಾ?

ಪ್ರಶ್ನೆ: ನನ್ನ ಅಳಿಯ ಟೆಕ್ಸಾಸ್‌ನಲ್ಲಿ ಆಯಿಲ್ ಕಂಪನೀಲಿದಾನೆ. ಎಣ್ಣೆ ಜೊತೆ ಬರೋ ಉಪ್ಪು ನೀರನ್ನ ವಾಪಸ್ ಭೂಮಿಯೊಳಗೆ ಪಂಪ್ ಮಾಡೋ ಬಾವಿಗಳು ಸೋರ್ತಿವೆಯಾ ಅಂತ ಟೆಸ್ಟ್ ಮಾಡಿಸೋದು ಅವನ ಕೆಲಸ. ಸಾವಿರಾರು ಅಡಿ ಕೆಳಗಿರೋದು ಮೇಲೆ ನಿಂತವರಿಗೆ ಹೇಗೆ ಗೊತ್ತಾಗತ್ತೆ? ನಮ್ಮ ಅಪಾರ್ಟ್‌ಮೆಂಟಲ್ಲೂ ಒಣಗಿದ ಬೋರ್‌ವೆಲ್‌ಗೆ ಮಳೆ ನೀರು ಬಿಡ್ತೀವಿ, ಅದಕ್ಕೂ ಇದೇ ಟೆಸ್ಟ್ ಮಾಡಿಸ್ಬಹುದಾ?
(ಓದುಗರು, ರಾಜಾಜಿನಗರ)

ಉತ್ತರ: ಗೊತ್ತಾಗತ್ತೆ, ಆದ್ರೆ ಪ್ರೆಶರ್ ತೋರಿಸೋ ಗೇಜ್ ನೋಡಿದ್ರೆ ಅರ್ಧ ವಿಷಯ ಮಾತ್ರ. ಆ ಬಾವೀಲಿ ಪೈಪಿನೊಳಗೆ ಪೈಪು. ಹೊರಗಡೆ ಕೇಸಿಂಗ್, ಅದಕ್ಕೂ ಬಂಡೆಗೂ ಮಧ್ಯೆ ಸಿಮೆಂಟು, ಒಳಗಡೆ ಸಣ್ಣ ಟ್ಯೂಬಿಂಗ್, ಉಪ್ಪು ನೀರು ಇಳಿಯೋದು ಇದರಲ್ಲಿ. ಟ್ಯೂಬಿಂಗ್ ಕೆಳತುದೀಲಿ ಪ್ಯಾಕರ್ ಅಂತ ಸೀಲ್ ಕೂರಿಸಿರ್ತಾರೆ, ಹಾಗಾಗಿ ಎರಡು ಪೈಪಿನ ನಡುವಿನ ಸಂದು ಕೆಳಗೆ ಬಂದ್ ಆಗಿರತ್ತೆ. ಆ ಸಂದಿಗೆ ನೀರು ತುಂಬಿ, ಪ್ರೆಶರ್ ಕೊಟ್ಟು, ವಾಲ್ವ್ ಮುಚ್ಚಿ, ಸಾಮಾನ್ಯವಾಗಿ ಅರ್ಧ ಗಂಟೆ ಕಾಯ್ತಾರೆ, ಸೈಕಲ್ ಟ್ಯೂಬಿಗೆ ಗಾಳಿ ಹೊಡೆದು ನಿಲ್ಲತ್ತಾ ನೋಡೋ ಥರಾನೇ. ಪ್ರೆಶರ್ ಇಳೀತು ಅಂದ್ರೆ ಕೇಸಿಂಗೋ ಟ್ಯೂಬಿಂಗೋ ಪ್ಯಾಕರ್ರೋ ಯಾವುದೋ ಒಂದು ಹೋಗಿದೆ. ಇಲ್ಲೊಂದು ಮೋಸ ಇದೆ, ತಣ್ಣಗಿನ ನೀರು ತುಂಬಿ ತಕ್ಷಣ ಟೆಸ್ಟ್ ಶುರು ಮಾಡಿದ್ರೆ ಒಳಗಡೆ ಅದು ಬಿಸಿಯಾಗಿ ಹಿಗ್ಗಿ ಪ್ರೆಶರ್ ಏರಿಸತ್ತೆ, ಸಣ್ಣ ಸೋರಿಕೆ ಇದ್ರೂ ಗೇಜಲ್ಲಿ ಕಾಣಲ್ಲ, ಅದಕ್ಕೇ ಟೆಂಪರೇಚರ್ ಒಂದು ಹದಕ್ಕೆ ಬರೋವರೆಗೂ ಕಾಯ್ಬೇಕು.

ಇಷ್ಟೆಲ್ಲ ಪಾಸಾದ ಬಾವೀನೂ ಸೋರ್ತಾ ಇರಬಹುದು! ಕೇಸಿಂಗ್ ಹೊರಗಿನ ಸಿಮೆಂಟಲ್ಲಿ ಬಿರುಕಿದ್ರೆ ಕೆಳಗೆ ತಳ್ಳಿದ ನೀರು ಪೈಪಿನ ಬೆನ್ನಿಗೇ ಹತ್ತಿಕೊಂಡು ಮೇಲಿನ ಕುಡಿಯೋ ನೀರಿನ ಪದರಕ್ಕೆ ಬರತ್ತೆ, ಗೇಜಿಗೆ ಅದರ ಸುಳಿವೇ ಇರಲ್ಲ. ಅದಕ್ಕೇ ಅಮೆರಿಕದ ರೂಲ್ಸ್ ಒಳಗಡೆ ಸೋರಿಕೆ, ಹೊರಗಡೆ ಸೋರಿಕೆ ಎರಡನ್ನೂ ಬೇರೆ ಬೇರೆ ಕೇಳತ್ತೆ. ಹೊರಗಡೇದಕ್ಕೆ ನಂಗೆ ತುಂಬ ಇಷ್ಟವಾದ ಉಪಾಯ ಟೆಂಪರೇಚರ್ ಲಾಗ್. ಪಂಪ್ ನಿಲ್ಲಿಸಿ ಸ್ವಲ್ಪ ಸಮಯ ಬಿಟ್ಟು ತಂತೀಲಿ ಥರ್ಮಾಮೀಟರ್ ಇಳಿಸ್ತಾರೆ, ಭೂಮಿ ಆಳಕ್ಕೆ ಹೋದಷ್ಟೂ ಬಿಸಿ, ಕಿಲೋಮೀಟರಿಗೆ ಸುಮಾರು 25–30 ಡಿಗ್ರಿ ಏರತ್ತೆ, ಒಳಗೆ ಬಿಟ್ಟ ತಣ್ಣಗಿನ ನೀರು ಎಲ್ಲೆಲ್ಲಿ ನುಗ್ಗಿದೆಯೋ ಅಲ್ಲಿ ಬಂಡೆ ಬೇಗ ಬಿಸಿಯಾಗಲ್ಲ, ಗ್ರಾಫಲ್ಲಿ ಕಾಣತ್ತೆ. ತಂಪು ಇರಬಾರದ ಕಡೆ ಇದ್ರೆ ಸಿಕ್ಕಿಬಿದ್ದಂಗೆ. ಮೈಕ್ ಇಳಿಸಿ ನೀರು ಹರಿಯೋ ಸದ್ದು ಕೇಳೋದು, ವಿಕಿರಣ ಸೂಸೋ ಅಯೋಡಿನ್-131 ಬೆರೆಸಿ ಎಲ್ಲಿಗೆ ಹೋಯ್ತು ನೋಡೋದು, ಇವೂ ಉಂಟು. ನಿಮ್ಮ ಅಳಿಯ ಮಾಡಿಸೋ ಥರದ ಬಾವಿಗೆ ಕನಿಷ್ಠ 5 ವರ್ಷಕ್ಕೊಂದು ಸಲ ಟೆಸ್ಟ್ ಕಡ್ಡಾಯ. ಟೆಕ್ಸಾಸ್‌ನಲ್ಲಿ ಅದನ್ನ ನೋಡ್ಕೊಳ್ಳೋ ಸರ್ಕಾರಿ ಆಫೀಸಿನ ಹೆಸರು ರೈಲ್‌ರೋಡ್ ಕಮಿಷನ್, ರೈಲಿಗೂ ಅದಕ್ಕೂ ಈಗ ಸಂಬಂಧಾನೇ ಇಲ್ಲ!

ಇನ್ನು ನಿಮ್ಮ ಬೋರ್‌ವೆಲ್. ಪ್ರೆಶರ್ ಟೆಸ್ಟ್ ಯಾರಾದ್ರೂ ಮಾಡಿಕೊಡ್ತೀವಿ ಅಂದ್ರೆ ದುಡ್ಡು ಕೊಡಬೇಡಿ. ಬೆಂಗಳೂರಲ್ಲಿ ಕೇಸಿಂಗ್ ಇಳಿಸೋದು ಗಟ್ಟಿ ಬಂಡೆ ಸಿಗೋವರೆಗೆ, ಅದರ ಕೆಳಗೆ ಬರೀ ತೂತು, ಪ್ಯಾಕರೂ ಇಲ್ಲ ಸಂದೂ ಇಲ್ಲ, ಪ್ರೆಶರ್ ನಿಲ್ಲೋದೆಲ್ಲಿ? ನಮಗೆ ಭಯ ಇರೋದು ಹೊರಗಡೇದೇ. ಎಷ್ಟೋ ಕಡೆ ಕೇಸಿಂಗ್ ಸುತ್ತ ಸಿಮೆಂಟ್ ಹಾಕದೆ ಮಣ್ಣು ತುಂಬಿ ಬಿಟ್ಟಿರ್ತಾರೆ, ಪಕ್ಕದಲ್ಲಿ ಒಡೆದ ಚರಂಡಿ ಪೈಪಿದ್ರೆ ಆ ನೀರು ಸೀದಾ ಜಾರಿ ಕೆಳಗೆ. ಕ್ಯಾಮೆರಾ ಬಿಟ್ಟು ನೋಡಿಸಿ, ಕೇಸಿಂಗ್ ಜಾಯಿಂಟು, ಕೇಸಿಂಗ್ ಬಂಡೆ ಮೇಲೆ ಕೂತಿರೋ ಜಾಗ, ಈ ಎರಡು ಕಡೆ ನೀರು ಜಿನುಗ್ತಿದ್ಯಾ ಅಂತ. ಹತ್ತಿರದ ಬಳಕೆಯ ಬೋರ್ ನೀರನ್ನ ಬೇಸಿಗೇಲೊಂದ್ಸಲ, ಒಳ್ಳೆ ಮಳೆ ಆದ್ಮೇಲೊಂದ್ಸಲ ಲ್ಯಾಬಿಗೆ ಕೊಡಿ. ಕುಡಿಯೋ ನೀರಲ್ಲಿ ಇ-ಕೋಲೈ (ಮಲದಿಂದ ಬರೋ ಬ್ಯಾಕ್ಟೀರಿಯಾ) ಇರಲೇಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಮಳೆ ಆದ್ಮೇಲಿನ ರಿಪೋರ್ಟ್ ಮಾತ್ರ ಕೆಟ್ಟಿದ್ರೆ ಮೊದಲು ನಿಮ್ಮ ರೀಚಾರ್ಜ್ ಬೋರ್ ಮೇಲೇ ಅನುಮಾನ ಪಡಿ.

ಪ್ರಶ್ನೆ: ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ನೀರು ಮಿಕ್ಕತ್ತೆ, ಅದನ್ನೂ ಹಳೇ ಬೋರ್‌ಗೆ ಬಿಟ್ರೆ ಆಗಲ್ವಾ?
(ಓದುಗರು, ಎಚ್ಎಸ್ಆರ್ ಲೇಔಟ್)

ಉತ್ತರ: ಬೇಡ. ಫಿಲ್ಟರ್ ಆದ ಚಾವಣಿ ನೀರು ಬಿಟ್ಟು ಬೇರೇನೂ ಬೋರ್‌ಗೆ ಬಿಡಬೇಡಿ. ನಮ್ಮ ಬಂಡೇಲಿ ನೀರು ಓಡಾಡೋದು ಬಿರುಕಲ್ಲಿ, ಮರಳಲ್ಲಿ ಇಂಗಿದ ಹಾಗೆ ಸೋಸಲ್ಲ, ನೀವು ಬಿಟ್ಟಿದ್ದು ಪಕ್ಕದ ಮನೆಯವರ ಬೋರ್‌ನಲ್ಲಿ ಬರಬಹುದು. ಬಾವಿಗೆ ಕೊಳಕು ಬಿಡೋದಕ್ಕೆ 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ನಿಷೇಧ ಕೂಡ ಇದೆ. ಫ್ಲಶ್‌ಗೆ, ಗಿಡಕ್ಕೆ ಬಳಸಿ.