ಸ್ಕ್ರೀನ್ ಕಪ್ಪಾಯ್ತು ಅಂತ ಫಾರ್ಮ್ಯಾಟ್ ಮಾಡ್ಬೇಡಿ

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪಲ್ಲಿ ಉಬುಂಟು 24.04 ಲಿನಕ್ಸ್ ಇದೆ, ಇಂಟೆಲ್ ಜೊತೆ ಎನ್ವಿಡಿಯಾ ಕಾರ್ಡೂ ಇದೆ. ಮೊನ್ನೆ ಅಪ್‌ಡೇಟ್ ಕೇಳ್ತು, ಕೊಟ್ಟೆ, ರೀಸ್ಟಾರ್ಟ್ ಆದ್ಮೇಲೆ ಲೋಗೋ ಬರುತ್ತೆ ಆಮೇಲೆ ಬರೀ ಕಪ್ಪು, ಮೇಲೆ ಎಡಗಡೆ ಒಂದು ಗೀಟು ಮಿಣಮಿಣ ಅಂತಿರುತ್ತೆ. ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಅದ್ರಲ್ಲೇ ಇದೆ. ಫ್ರೆಂಡ್ ಫಾರ್ಮ್ಯಾಟ್ ಮಾಡು ಅಂತಾನೆ, ಮಾಡ್ಲಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಡಮ್ಮ, ಫ್ರೆಂಡ್‌ಗೂ ಹೇಳು. ಆ ಗೀಟು ಮಿಣುಕ್ತಾ ಇದೆ ಅಂದ್ರೆ ಮಿಷಿನ್ ಬದುಕಿದೆ, ಚಿತ್ರ ತೋರಿಸೋ ಭಾಗ ಮಾತ್ರ ಎದ್ದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಮೂರೂ ಒಟ್ಟಿಗೆ ಒತ್ತಿ ನೋಡು, ಅಕ್ಷರದಲ್ಲಿ ಲಾಗಿನ್ ಕೇಳಿದ್ರೆ ನಿನ್ನ ಫೈಲ್ ಎಲ್ಲಾ ಹಾಗೇ ಇದಾವೆ ಅಂತ ಧೈರ್ಯ ತಗೋ.

ಈಗ ರೀಸ್ಟಾರ್ಟ್ ಮಾಡಿ, ಕಂಪನಿ ಲೋಗೋ ಕಂಡ ತಕ್ಷಣ ಎಸ್ಕೇಪ್ ಒಂದೇ ಸಲ ಒತ್ತು, ಲಿನಕ್ಸ್ ಶುರು ಮಾಡಿಸೋ ಗ್ರಬ್ ಅನ್ನೋ ಪ್ರೋಗ್ರಾಂನ ಮೆನು ಬರುತ್ತೆ. ಗಾಬರೀಲಿ ನಾಲ್ಕೈದು ಸಲ ಒತ್ತಿದ್ರೆ ಮೆನು ಬದ್ಲು ಗ್ರಬ್ ಅಂತ ಬರೀ ಪ್ರಾಂಪ್ಟ್ ಬಂದ್ಬಿಡುತ್ತೆ, ನಂಗೂ ಎಷ್ಟೋ ಸಲ ಹಂಗಾಗಿದೆ, ಆಗ ನಾರ್ಮಲ್ ಅಂತ ಟೈಪ್ ಮಾಡಿ ಎಂಟರ್ ಹೊಡೆದು ಮತ್ತೆ ಒಂದ್ಸಲ ಎಸ್ಕೇಪ್. ಮೆನುವಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಳೇ ಕರ್ನಲ್ (ಲಿನಕ್ಸಿನ ತಿರುಳು) ಆರಿಸು. ಅದ್ರಲ್ಲಿ ಡೆಸ್ಕ್‌ಟಾಪ್ ಬಂತು ಅಂದ್ರೆ ಮೊದ್ಲು ರಿಪೋರ್ಟನ್ನ ಪೆನ್‌ಡ್ರೈವಿಗೆ ಹಾಕ್ಕೋ, ಆಮೇಲೆ ರಿಪೇರಿ.

ಆಗಿರೋದು ಬಹುಶಃ ಇದು. ಎನ್ವಿಡಿಯಾ ಡ್ರೈವರ್ ಅನ್ನೋದು ಒಂದೊಂದು ಕರ್ನಲ್‌ಗೂ ಅಳತೆ ಕೊಟ್ಟು ಹೊಲಿಸಿದ ಬ್ಲೌಸ್ ಇದ್ದಂಗೆ, ಹೊಸ ಕರ್ನಲ್ ಬಂದ್ರೆ ಹಳೇದು ಹಿಡಿಯಲ್ಲ, ಮತ್ತೆ ಹೊಲೀಬೇಕು. ಹೊಲಿಯೋ ಟೈಲರ್ ಹೆಸ್ರು ಡಿಕೆಎಂಎಸ್, ಅಳತೆ ಇರೋದು ಕರ್ನಲ್ ಹೆಡರ್ಸಲ್ಲಿ. ಹೆಡರ್ಸ್ ಇಲ್ದೆ ಇದ್ರೆ ಅಥವಾ ಮಧ್ಯದಲ್ಲಿ ಡಿಸ್ಕ್ ತುಂಬಿದ್ರೆ ಕೆಲ್ಸ ಅರ್ಧಕ್ಕೆ ನಿಲ್ಲುತ್ತೆ. ಟರ್ಮಿನಲ್ಲಲ್ಲಿ ಡಿಕೆಎಂಎಸ್ ಸ್ಟೇಟಸ್ ಅಂತ ಕೊಟ್ಟು ನೋಡು, ಹೊಸ ಕರ್ನಲ್ ನಂಬರ್ ಎದುರು ಇನ್‌ಸ್ಟಾಲ್ಡ್ ಅಂತ ಇಲ್ಲದಿದ್ರೆ ಆ ಕರ್ನಲ್‌ಗೆ ಹೊಂದೋ ಲಿನಕ್ಸ್-ಹೆಡರ್ಸ್ ಪ್ಯಾಕೇಜ್ ಹಾಕಿ, ಆಮೇಲೆ ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್ ಕೊಡು. (ಕಮಾಂಡೆಲ್ಲಾ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡ್ಬೇಕು.)

ಇನ್ನೊಂದು ಜಾಗದಲ್ಲಿ ಬಹಳ ಜನ ಎಡವ್ತಾರೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಶುರುವಾಗದಂತೆ ತಡೆಯೋ ಕಾವಲು) ಆನ್ ಇದ್ರೆ ಡ್ರೈವರ್ ಹಾಕೋವಾಗ ಒಂದು ಪಾಸ್‌ವರ್ಡ್ ಕೇಳುತ್ತೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತೆ, ಹತ್ತು ಸೆಕೆಂಡಲ್ಲಿ ಯಾವ್ದಾದ್ರೂ ಕೀ ಒತ್ತದಿದ್ರೆ ಅದು ತಾನಾಗೇ ಮುಂದೆ ಹೋಗ್ಬಿಡುತ್ತೆ, ಒತ್ತಿದ್ರೂ ಜನ ಏನೋ ವೈರಸ್ ಇರ್ಬೇಕು ಅಂತ ಕಂಟಿನ್ಯೂ ಕೊಟ್ಬಿಡ್ತಾರೆ. ಎನ್‌ರೋಲ್ ಮಾಕ್ ಅನ್ನೋದನ್ನೇ ಆರಿಸಿ ಆ ಪಾಸ್‌ವರ್ಡ್ ಹಾಕ್ಬೇಕು, ಇಲ್ಲಾಂದ್ರೆ ಡ್ರೈವರ್ ಎಷ್ಟೇ ಚೆನ್ನಾಗಿದ್ರೂ ಕರ್ನಲ್ ಒಳಗೆ ಬಿಟ್ಕೊಳಲ್ಲ.

ಹಳೇ ಕರ್ನಲ್ಲೂ ಕಪ್ಪೇನಾ? ಆಗ ಗ್ರಬ್ ಮೆನುವಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೇಲಿ ನೋಮೋಡ್‌ಸೆಟ್ ಅಂತ ಸೇರಿಸಿ, ಎಫ್10. ಚಿತ್ರ ದಪ್ಪದಪ್ಪ ಕಾಣುತ್ತೆ, ಬ್ರೈಟ್‌ನೆಸ್ ಬದಲಾಗಲ್ಲ, ಇದು ಒಳಗೆ ಹೋಗೋಕೆ ಹಿತ್ತಿಲ ಬಾಗಿಲು ಅಷ್ಟೆ. ಅದನ್ನೇ ಪರ್ಮನೆಂಟ್ ಮಾಡ್ಕೊಂಡು ವರ್ಷಗಟ್ಟಲೆ ಮಬ್ಬು ಸ್ಕ್ರೀನ್ ನೋಡ್ಕೊಂಡಿರೋರೂ ಇದಾರೆ, ಪಾಪ.

ಪ್ರಶ್ನೆ: ಲಿನಕ್ಸ್ ಹಾಕಿದ ಮೇಲೆ ಸ್ಕ್ರೀನ್ ಆಗಾಗ ಅದುರುತ್ತೆ, ಒಮ್ಮೊಮ್ಮೆ ಅಡ್ಡಗೆರೆ ಬರುತ್ತೆ. ಅಂಗಡಿಯವರು ಡಿಸ್‌ಪ್ಲೇ ಬದಲಾಯಿಸಬೇಕು ಎನ್ನುತ್ತಿದ್ದಾರೆ. ನಿಜವೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ದುಡ್ಡು ಕೊಡೋಕ್ ಮುಂಚೆ ಒಂದು ಪರೀಕ್ಷೆ ಮಾಡಿ ಮೇಷ್ಟ್ರೆ. ಗೆರೆ ಕಾಣ್ತಿರೋವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗ್ದು ಮೊಬೈಲಿಗೆ ಕಳಿಸಿ ನೋಡಿ. ಮೊಬೈಲಲ್ಲೂ ಗೆರೆ ಇದ್ರೆ ಅದು ಡ್ರೈವರ್ ಅಥವಾ ಗ್ರಾಫಿಕ್ಸ್ ಚಿಪ್ಪಿಂದು, ಪ್ಯಾನೆಲ್ ಬದಲಾಯಿಸಿ ಪ್ರಯೋಜನ ಇಲ್ಲ. ಇಲ್ಲದಿದ್ರೆ ಇನ್ನೂ ತೀರ್ಮಾನ ಆಗಿಲ್ಲ, ಬಯಾಸ್ ಸೆಟಪ್ (ಮಿಷಿನ್ನಿನದೇ ಸೆಟ್ಟಿಂಗ್ಸ್ ಪರದೆ) ಒಳಗೆ ಹೋಗಿ ಐದು ನಿಮಿಷ ಸುಮ್ನೆ ನೋಡ್ತಾ ಕೂತ್ಕೊಳಿ, ಮುಚ್ಚಳ ಸ್ವಲ್ಪ ಹಿಂದೆ ಮುಂದೆ ಆಡ್ಸಿ. ಅಲ್ಲಿನ್ನೂ ಲಿನಕ್ಸೇ ಬಂದಿರಲ್ಲ, ಅಲ್ಲೂ ಅದುರಿದ್ರೆ ಪ್ಯಾನೆಲ್ಲೋ ಕೇಬಲ್ಲೋ, ಮುಚ್ಚಳ ಆಡಿಸಿದಾಗ ಹೆಚ್ಚುಕಮ್ಮಿ ಆದ್ರೆ ಕೀಲಿನೊಳಗೆ ಹಾಯೋ ಕೇಬಲ್ ಮೇಲೇ ಅನುಮಾನ, ಮೊದ್ಲು ಅದನ್ನ ಬಿಚ್ಚಿ ನೋಡೋಕೆ ಹೇಳಿ.

ಬಯಾಸಲ್ಲಿ ಸ್ವಚ್ಛ, ಸ್ಕ್ರೀನ್‌ಶಾಟೂ ಸ್ವಚ್ಛ, ಲಿನಕ್ಸಲ್ಲಿ ಮಾತ್ರ ಅದುರುತ್ತೆ, ಗ್ರಾಫಿಕ್ಸ್ ಇಂಟೆಲ್ಲಿಂದು ಅಂದ್ರೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಅನ್ನೋ ಬ್ಯಾಟರಿ ಉಳಿಸೋ ಏರ್ಪಾಡನ್ನ ಆಫ್ ಮಾಡಿ ನೋಡಿ. ಚಿತ್ರ ಬದಲಾಗದೆ ಇದ್ದಾಗ ಚಿಪ್ಪು ನಿದ್ದೆ ಹೋಗಿ ಪ್ಯಾನೆಲ್ ತನ್ನ ನೆನಪಲ್ಲಿರೋ ಚಿತ್ರಾನೇ ತೋರಿಸ್ತಿರುತ್ತೆ, ಕೆಲವು ಪ್ಯಾನೆಲ್ಲಿಗೆ ಈ ನಿದ್ದೆ-ಎಚ್ಚರ ಸರಿಹೋಗಲ್ಲ. ಮೇಲೆ ಹೇಳಿದ ಗ್ರಬ್ ಸಾಲಲ್ಲೇ ಐ915 ಚುಕ್ಕೆ ಎನೇಬಲ್ ಅಂಡರ್‌ಸ್ಕೋರ್ ಪಿಎಸ್‌ಆರ್ ಈಕ್ವಲ್ ಸೊನ್ನೆ, ಮಧ್ಯೆ ಜಾಗ ಬಿಡ್ದೆ. ಅದುರೋದು ನಿಂತ್ರೆ ಅಂಗಡಿಯವರಿಗೆ ಒಂದು ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ: ಲಿನಕ್ಸ್ ಮಿಂಟ್‌ನಲ್ಲಿ ಪಾಸ್‌ವರ್ಡ್ ಸರಿಯಾಗೇ ಹಾಕಿದ್ರೂ ಸ್ಕ್ರೀನ್ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ವಾಪಸ್ ಬರ್ತದೆ.
— ಪುತ್ತೂರಿನ ಓದುಗರು

ಉತ್ತರ: ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಒಳಗೆ ಹೋಗಿ ಡಿಎಫ್ ಸ್ಪೇಸ್ ಮೈನಸ್ ಎಚ್ ಕೊಡಿ, ಡಿಸ್ಕ್ 100% ತುಂಬಿದ್ರೆ ಕಾರಣ ಅದೇ. ತುಂಬಿಲ್ವಾ, ಎಲ್‌ಎಸ್ ಸ್ಪೇಸ್ ಮೈನಸ್ ಎಲ್‌ಎ ಕೊಟ್ಟು ಹೋಮ್ ಫೋಲ್ಡರಲ್ಲಿ ಚುಕ್ಕೆಯಿಂದ ಶುರುವಾಗೋ ಎಕ್ಸ್‌ಅಥಾರಿಟಿ ಫೈಲ್ ಯಾರ ಹೆಸರಲ್ಲಿದೆ ನೋಡಿ. ರೂಟ್ (ಅಂದ್ರೆ ಅಡ್ಮಿನ್) ಅಂತಿದ್ರೆ ಬಹುಶಃ ಯಾವಾಗಲೋ ಸುಡೊ ಹಾಕಿ, ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ, ಡೆಸ್ಕ್‌ಟಾಪ್ ಶುರು ಮಾಡೋ ಸ್ಟಾರ್ಟ್‌ಎಕ್ಸ್ ಕಮಾಂಡ್ ಓಡಿಸಿದೀರಿ. ಅದೊಂದು ಫೈಲ್ ಅಳಿಸಿ, ಮುಂದಿನ ಲಾಗಿನ್ನಲ್ಲಿ ಅದು ನಿಮ್ಮ ಹೆಸರಲ್ಲೇ ಹೊಸದಾಗಿ ಹುಟ್ಟುತ್ತೆ.