ಬೇಸಿಗೆಯೊಳಗೆ ಮೈ ಹಗುರವಾಗಬೇಕು: ಬೇಜಾರಾಗದ ವ್ಯಾಯಾಮ, ಸರಳವಾದ ಊಟ ಯಾವುದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 34, ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ, ಸೊಂಟ 38 ಇಂಚು. ಎರಡು ಬಾರಿ ಜಿಮ್‌ಗೆ ದುಡ್ಡು ಕಟ್ಟಿ ಎರಡು ಬಾರಿಯೂ ತಿಂಗಳು ತುಂಬುವ ಮೊದಲೇ ಬಿಟ್ಟಿದ್ದೀರಿ. ಏಪ್ರಿಲ್ ಕೊನೆಗೆ ತಂಗಿಯ ಮದುವೆ. ಅಷ್ಟರೊಳಗೆ ತೂಕ ಇಳಿಯಬೇಕು, ಬಿಸಿಲಿನಲ್ಲಿ ಏದುಸಿರಿಲ್ಲದೆ ಓಡಾಡುವಂತಾಗಬೇಕು, ಆದರೆ ವ್ಯಾಯಾಮವೆಂದರೆ ಮನಸ್ಸು ಹಿಂದೆಗೆಯುತ್ತದೆ ಎಂದು ಬರೆದಿದ್ದೀರಿ. ನಾನು ವೈದ್ಯೆಯಲ್ಲ, ಮೈಸೂರಿನಲ್ಲಿ ಒಂದು ಕಚೇರಿಯ ಲೆಕ್ಕಪತ್ರ ನೋಡಿಕೊಳ್ಳುವವಳು. ವಯಸ್ಸು 47. ನಿಮ್ಮ ಹಾಗೆಯೇ ಕೂತು ಕೂತು ಮೈ ಬೆಳೆಸಿಕೊಂಡು, ಆಮೇಲೆ ಅದನ್ನು ಇಳಿಸಿಕೊಂಡವಳು. ಹಾಗಾಗಿ ನನ್ನ ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲು ಲೆಕ್ಕ. ಈಗ ಫೆಬ್ರುವರಿ ಮೊದಲ ವಾರ, ನಿಮ್ಮ ಕೈಯಲ್ಲಿ ಹನ್ನೊಂದು ವಾರಗಳಿವೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ಇಳಿಕೆ, ಮೈಯೂ ಒಪ್ಪುವಂಥದ್ದು. ಎಂದರೆ ಮದುವೆಯ ಹೊತ್ತಿಗೆ ಐದು ಕಿಲೋ. ಹತ್ತು, ಹನ್ನೆರಡು ಕಿಲೋ ಎಂದು ಯಾರಾದರೂ ಮಾತು ಕೊಟ್ಟರೆ ಅವರ ಹತ್ತಿರ ಹೋಗಬೇಡಿ. ಹೊಟ್ಟೆಯೊಂದನ್ನೇ ಕರಗಿಸುವ ವ್ಯಾಯಾಮವೂ ಇಲ್ಲ. ಕೊಬ್ಬು ಮೈಯ ಎಲ್ಲ ಕಡೆಯಿಂದಲೂ ಕರಗುತ್ತದೆ, ಎಲ್ಲಿ ಮೊದಲು ಎಂಬುದು ನಮ್ಮ ಕೈಯಲ್ಲಿಲ್ಲ. ತೂಕದ ಯಂತ್ರದ ಮೇಲೆ ದಿನಾ ಹತ್ತುವ ಬದಲು ಒಂದು ದಾರ ತೆಗೆದುಕೊಂಡು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ ಗಂಟು ಹಾಕಿಡಿ. ಹದಿನೈದು ದಿನಕ್ಕೊಮ್ಮೆ ಅದೇ ದಾರ ಸುತ್ತಿ ನೋಡಿ. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ದಾಟಬಾರದು, ಹೆಂಗಸರಿಗೆ 80 ದಾಟಬಾರದು ಎಂದು ವೈದ್ಯರು ಹೇಳುತ್ತಾರೆ. ನಿಮ್ಮ 38 ಇಂಚು ಎಂದರೆ 96 ಸೆಂಟಿಮೀಟರಿಗೂ ಸ್ವಲ್ಪ ಮೇಲೆ. ದೂರವೇನಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ನೀವು ಅದನ್ನು ಮಾಡಬಾರದೆಂದು. ಒಂಬತ್ತು ವರ್ಷದ ಹಿಂದೆ ನನ್ನ ತಮ್ಮನ ಮದುವೆಯಿತ್ತು. ರೇಷ್ಮೆ ಸೀರೆಯ ರವಿಕೆ ಹಿಡಿಸಲಿಲ್ಲ. ಒಂಬತ್ತು ದಿನ ಸೌತೆಕಾಯಿ, ಮಜ್ಜಿಗೆ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಹತ್ತನೆಯ ದಿನ ಬಸ್ಸಿನಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆಗೂಡಿತು. ಪಕ್ಕದಲ್ಲಿದ್ದ ಹೆಂಗಸು ಹಿಡಿದುಕೊಳ್ಳದಿದ್ದರೆ ತಲೆ ಕಂಬಿಗೆ ಬಡಿಯುತ್ತಿತ್ತು. ಇಳಿದ ಮೂರು ಕಿಲೋ ಮದುವೆ ಮುಗಿದ ತಿಂಗಳೊಳಗೆ ಹಿಂದಿರುಗಿತು. ಉಪವಾಸದಿಂದ ಇಳಿದದ್ದರಲ್ಲಿ ನೀರು, ಮಾಂಸಖಂಡ ಎರಡೂ ಹೋಗಿರುತ್ತವೆ. ಊಟ ಶುರುವಾದೊಡನೆ ತೂಕ ಬರುತ್ತದೆ, ಕಸುವು ಮಾತ್ರ ಅಷ್ಟು ಬೇಗ ಬರುವುದಿಲ್ಲ.

ನನ್ನನ್ನು ಬದಲಾಯಿಸಿದ್ದು ರಿಂಗ್ ಆಟ. ಪತ್ರಿಕೆಯ ಕ್ರೀಡಾ ಪುಟದಲ್ಲಿ ಟೆನಿಕಾಯ್ಟ್ ಎಂದು ಬರೆಯುತ್ತಾರೆ, ನಮ್ಮ ಶಾಲೆಗಳಲ್ಲಿ ರಿಂಗ್ ಎಂದೇ ಹೆಸರು. 2019ರ ಬೇಸಿಗೆಗೆ ಮುಂಚೆ ಮಗಳು ಶಾಲೆಯ ತಂಡಕ್ಕೆ ಆಯ್ಕೆಯಾದಳು. ಅಭ್ಯಾಸಕ್ಕೆ ಎದುರಿಗೊಬ್ಬರು ಬೇಕಿತ್ತು. ಬೇರೆ ಯಾರೂ ಸಿಗದೆ ನನ್ನನ್ನು ಎಬ್ಬಿಸಿದಳು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಖಾಲಿ ನಿವೇಶನವಿದೆ. ಅಲ್ಲಿ ಎರಡು ಹೊಂಗೆ ಮರಗಳ ನಡುವೆ ಬಟ್ಟೆ ಒಣಗಿಸುವ ಹಗ್ಗವನ್ನು ಆರಡಿ ಎತ್ತರಕ್ಕೆ ಕಟ್ಟಿದೆವು. ಬೆಳಗಿನ ಆರೂಕಾಲು, ಇನ್ನೂ ಮಂಜು. ರಬ್ಬರಿನ ಆ ರಿಂಗು ತಣ್ಣಗಿರುವಾಗ ಅಂಗೈಗೆ ಚುರ್ರೆನ್ನುವಂತೆ ಬಡಿಯುತ್ತದೆ. ಎರಡು ಕೈ ಒಡ್ಡುವ ಹಾಗಿಲ್ಲ. ಒಂದೇ ಕೈಯಲ್ಲಿ ಹಿಡಿಯಬೇಕು, ಹಿಡಿದ ಕೈಯಿಂದಲೇ ತಡಮಾಡದೆ ಎಸೆಯಬೇಕು, ತಲೆಯ ಮೇಲಿನಿಂದ ಎಸೆಯುವಂತಿಲ್ಲ. ಮೊದಲ ದಿನ ನಾನು ಹಿಡಿದದ್ದಕ್ಕಿಂತ ನೆಲದಿಂದ ಹೆಕ್ಕಿದ್ದೇ ಹೆಚ್ಚು. ಬಗ್ಗಿ ಬಗ್ಗಿ ತೊಡೆ ನೋಯಿತು. ಆದರೆ 21 ಅಂಕದ ಆಟ ಮುಗಿದಾಗ ಇನ್ನೊಂದು ಆಡೋಣ ಎಂದವಳು ನಾನೇ.

ಅಷ್ಟೇ ನೋಡಿ ಗುಟ್ಟು. ನಡಿಗೆಯ ಯಂತ್ರದ ಮೇಲೆ ಇನ್ನೆಷ್ಟು ನಿಮಿಷವಿದೆ ಎಂದು ಗಡಿಯಾರ ನೋಡುತ್ತೇವೆ. ರಿಂಗ್ ಎಸೆಯುವಾಗ ಕಣ್ಣೆಲ್ಲ ರಿಂಗಿನ ಮೇಲೆ. ಎಡಕ್ಕೆ ಮೂರು ಹೆಜ್ಜೆ, ಬಲಕ್ಕೆ ಚಾಚು, ಮಂಡಿ ಬಗ್ಗಿಸು, ಹಿಂದಕ್ಕೆ ಸರಿ. ಹೀಗೆ ನಲವತ್ತು ನಿಮಿಷ ಕಳೆದದ್ದೇ ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕೆನ್ನುತ್ತದೆ. ಸಾಧಾರಣ ಬಿರುಸು ಎಂದರೆ ಮಾತನಾಡಲು ಉಸಿರು ಸಾಲಬೇಕು, ಹಾಡಲು ಸಾಲಬಾರದು. ವಾರಕ್ಕೆ ಐದು ಬೆಳಗು ಆಡುವ ನಮಗೆ 200 ನಿಮಿಷ ತಾನಾಗಿ ಆಗುತ್ತದೆ. ಎದುರಿಗೆ ಒಬ್ಬರು ಕಾಯುತ್ತಿರುತ್ತಾರೆ ಎಂಬುದೇ ಹಾಸಿಗೆಯಿಂದ ಎಬ್ಬಿಸುತ್ತದೆ. ಮಗಳು ಈಗ ಓದಲೆಂದು ಬೇರೆ ಊರಿನಲ್ಲಿದ್ದಾಳೆ. ಬೀದಿಯ ಆರು ಜನ ಹೆಂಗಸರು ಆ ಹಗ್ಗವನ್ನು ಬಿಚ್ಚಲು ಬಿಟ್ಟಿಲ್ಲ.

ಇಳಿದದ್ದು ನನಗೆ ಗೊತ್ತಾದದ್ದು ಸೀರೆಯ ನೆರಿಗೆಯಲ್ಲಿ. ಐದು ನೆರಿಗೆ ಬರುತ್ತಿದ್ದ ಹತ್ತಿ ಸೀರೆಗೆ ಯುಗಾದಿಯ ದಿನ ಆರು ಬಂತು. ಬೆರಳಿನಲ್ಲಿ ಇನ್ನೊಮ್ಮೆ ಎಣಿಸಿದೆ, ಆರೇ. ಆ ವರ್ಷದ ದಸರಾ ಹೊತ್ತಿಗೆ ಏಳು. ಆ ಸಂತೋಷವನ್ನು ಯಾವ ತಕ್ಕಡಿಯೂ ನನಗೆ ಕೊಟ್ಟಿಲ್ಲ.

ನೀವೂ ರಿಂಗನ್ನೇ ಆಡಬೇಕೆಂದು ಹೇಳುತ್ತಿಲ್ಲ. ಹೈಸ್ಕೂಲಿನಲ್ಲಿ ಗಂಟೆ ಬಾರಿಸಿದರೂ ಮೈದಾನ ಬಿಟ್ಟು ಬರಲು ಮನಸ್ಸಾಗದ ಆಟ ಯಾವುದಿತ್ತು ಎಂದು ನೆನಪಿಸಿಕೊಳ್ಳಿ. ವಾಲಿಬಾಲ್, ಶಟಲ್, ಕೊಕ್ಕೊ, ಊರ ಬಾವಿಯಲ್ಲಿ ಈಜು, ಸೈಕಲ್ಲು, ಏನೇ ಇರಲಿ. ಅದಕ್ಕೆ ವಾರದಲ್ಲಿ ನಾಲ್ಕು ದಿನ ಕೊಡಿ. ಎಷ್ಟೋ ವರ್ಷ ಆಡದವರು ಮೊದಲ ಎರಡು ವಾರ ಅರ್ಧ ಬಲದಲ್ಲಿ ಆಡಬೇಕು. ಶಟಲ್ ಆಡಲು ಹೋಗಿ ಹಿಮ್ಮಡಿಯ ನರ ಎಳೆಸಿಕೊಂಡು ತಿಂಗಳು ಮಲಗಿದವರನ್ನು ನಮ್ಮ ಕಚೇರಿಯಲ್ಲೇ ಕಂಡಿದ್ದೇನೆ.

ಭಾನುವಾರ ನನಗೆ ಚಾಮುಂಡಿ ಬೆಟ್ಟ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿದ ಸಾವಿರದಷ್ಟು ಮೆಟ್ಟಿಲುಗಳಿವೆ. ಸುಮಾರು ಏಳುನೂರನೆಯ ಮೆಟ್ಟಿಲ ಹತ್ತಿರ ಒಂದೇ ಕಲ್ಲಿನ ದೊಡ್ಡ ನಂದಿ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ. ಅವರ ಹಿಂದೆ ನಿಧಾನವಾಗಿ ಹತ್ತಿದರೆ ಉಸಿರು ಹದವಾಗಿರುತ್ತದೆ ಎಂಬುದನ್ನು ನಾನು ಕಂಡುಕೊಂಡಿದ್ದೇನೆ. ಮೊದಲ ಸಲ ನಂದಿಯವರೆಗೆ ಹೋಗಲು ನಾಲ್ಕು ಕಡೆ ಕೂತಿದ್ದೆ. ಈಗ ಕೂರುವುದಿಲ್ಲ. ಇಳಿಯುವಾಗ ಬಸ್ಸು ಹಿಡಿಯುತ್ತೇನೆ, ಮಂಡಿಗೆ ಪೆಟ್ಟು ಹೆಚ್ಚು ಬೀಳುವುದು ಇಳಿಯುವಾಗಲೇ. ನಿಮ್ಮ ಊರು ಯಾವುದೆಂದು ಬರೆದಿಲ್ಲ. ಹುಬ್ಬಳ್ಳಿಯಾದರೆ ನೃಪತುಂಗ ಬೆಟ್ಟವಿದೆ, ಬೆಂಗಳೂರಾದರೆ ಲಾಲ್‌ಬಾಗ್ ಇದೆ, ಕರಾವಳಿಯಾದರೆ ಬೆಳಗಿನ ಸಮುದ್ರ ದಂಡೆಯ ಮರಳಿಗಿಂತ ಒಳ್ಳೆಯ ನೆಲವಿಲ್ಲ.

ಇದರ ಜೊತೆ ಮಾಂಸಖಂಡಕ್ಕೆ ವಾರದಲ್ಲಿ ಎರಡು ದಿನವಾದರೂ ಕೆಲಸ ಬೇಕು. ಅದಕ್ಕೆ ಗರಡಿಮನೆಯ ಬಸ್ಕಿ ಸಾಕು. ಹತ್ತು ಬಸ್ಕಿಯಿಂದ ಶುರು ಮಾಡಿ, ಮಂಡಿ ಕಿರುಗುಟ್ಟಿದರೆ ಕುರ್ಚಿಯ ಮೇಲೆ ಕೂತು ಕೈ ಊರದೆ ಏಳಿ. ದಂಡ ಹೊಡೆಯಲು ಆಗದಿದ್ದರೆ ಗೋಡೆಗೆ ಕೈಯಿಟ್ಟು ತಳ್ಳಿ.

ಈಗ ಊಟ. ನಿಮ್ಮ ಪ್ರಶ್ನೆಯಲ್ಲಿ ಓಟ್ಸ್, ಪ್ರೋಟೀನ್ ಪುಡಿ, ಅದು ಇದು ಎಂದು ಐದಾರು ಹೆಸರುಗಳಿದ್ದವು. ಪುಡಿಯ ಡಬ್ಬಿಗೆ ದುಡ್ಡು ಹಾಕಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿಯೂ ಮೈಕಟ್ಟಿಗಾಗಿ ಅಂಥ ಪುಡಿ ಬೇಡ ಎಂದೇ ಇದೆ. ಮನೆಯ ಅಡುಗೆಯನ್ನೇ ಉಣ್ಣಿ, ಬಡಿಸಿಕೊಳ್ಳುವ ಅಳತೆಯನ್ನು ಬದಲಿಸಿ. ನಮ್ಮ ಕಡೆ ಊಟವೆಂದರೆ ಸಾರಿಗೆ ಒಂದು ಸುತ್ತು ಅನ್ನ, ಹುಳಿಗೆ ಒಂದು ಸುತ್ತು, ಮೊಸರಿಗೆ ಒಂದು ಸುತ್ತು. ಪಲ್ಯ ಮಾತ್ರ ಬಾಳೆಯ ತುದಿಯಲ್ಲಿ ಒಂದು ಚಿಟಿಕೆ. ನಾನು ಅದನ್ನು ತಿರುಗಿಸಿದೆ. ಮೊದಲು ಕೋಸಂಬರಿ, ಪಲ್ಯ ಎರಡನ್ನೂ ಹೊಟ್ಟೆಗೆ ತಾಕುವಷ್ಟು ತಿನ್ನುತ್ತೇನೆ. ಆಮೇಲೆ ಒಂದು ಸೌಟು ಅನ್ನಕ್ಕೆ ಹೋಳು, ಬೇಳೆ ಸಮೇತ ಎರಡು ಸೌಟು ಹುಳಿ. ಕೊನೆಗೆ ಮೊಸರನ್ನವಿಲ್ಲ, ಒಂದು ಲೋಟ ಮಜ್ಜಿಗೆ. ಅನ್ನದ ಬದಲು ಒಂದು ಮುದ್ದೆಯಾದರೂ ಸರಿ, ಎರಡು ಜೋಳದ ರೊಟ್ಟಿಯಾದರೂ ಸರಿ. ಯಾವುದನ್ನೂ ಬಿಟ್ಟಿಲ್ಲ, ಹಸಿದೂ ಇಲ್ಲ.

ಕೋಸಂಬರಿಯನ್ನು ರಾಮನವಮಿಗೆ ಮೀಸಲಿಡಬೇಡಿ. ಎರಡು ಗಂಟೆ ನೆನೆದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್ ತುರಿ, ನಿಂಬೆರಸ, ಅರ್ಧ ಚಮಚ ಎಣ್ಣೆಯಲ್ಲಿ ಸಾಸಿವೆ ಇಂಗಿನ ಒಗ್ಗರಣೆ. ಉಪ್ಪನ್ನು ತಿನ್ನುವ ಹೊತ್ತಿಗೇ ಹಾಕಿ, ಮುಂಚೆಯೇ ಹಾಕಿಟ್ಟರೆ ಸೌತೆ ನೀರು ಬಿಡುತ್ತದೆ. 100 ಗ್ರಾಂ ಹೆಸರುಬೇಳೆಯಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಮೊಟ್ಟೆ, ಮೀನು ತಿನ್ನುವವರಾದರೆ ಇನ್ನೂ ಸುಲಭ, ಕರಿಯದೆ ತಿನ್ನಿ.

ಆಟ ಮುಗಿಸಿ ಬಂದಾಗ ನನಗೆ ರಾಗಿ ಅಂಬಲಿ. ರಾತ್ರಿಯೇ ಮಾಡಿಡುತ್ತೇನೆ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಹಸಿ ವಾಸನೆ ಹೋಗಿ ಮೇಲೆ ಹೊಳಪು ಬರುವವರೆಗೆ ಕೈಯಾಡಿಸುತ್ತೇನೆ. ಬೆಳಿಗ್ಗೆ ಅದಕ್ಕೆ ಕಡೆದ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಜೀರಿಗೆ, ಕೊತ್ತಂಬರಿ ಸೊಪ್ಪು. ಮಡಕೆಯಲ್ಲಿಟ್ಟರೆ ಏಪ್ರಿಲ್ ಬೆಳಗಿನಲ್ಲೂ ತಂಪಾಗಿರುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, 100 ಗ್ರಾಂಗೆ 300 ಮಿಲಿಗ್ರಾಂ ಮೀರುತ್ತದೆ. ಅಂಬಲಿ ಕುಡಿದರೆ ಕೊಬ್ಬು ಕರಗುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಹೊಟ್ಟೆ ಹನ್ನೊಂದು ಗಂಟೆಯವರೆಗೆ ತಣ್ಣಗಿರುತ್ತದೆ, ಕಚೇರಿಯ ಎದುರಿನ ಅಂಗಡಿಯ ಬಿಸಿ ಬೋಂಡ ಕರೆಯುವುದಿಲ್ಲ. ಅದಿಷ್ಟೇ ಸಾಕು.

ನಿಮ್ಮ ಕಚೇರಿಯ ದಿನದಲ್ಲಿ ನಾನು ಮೊದಲು ಕೈ ಹಾಕುವುದು ಕಾಫಿಗೆ. ನಾಲ್ಕು ಲೋಟ ಎಂದು ಬರೆದಿದ್ದೀರಿ. ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ಎಂಟು ಚಮಚ, 35ರಿಂದ 40 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ಲೋಟಕ್ಕೆ ಇಳಿಸಿ, ಸಕ್ಕರೆ ಒಂದೊಂದೇ ಚಮಚ. ಎರಡನೆಯದು ಎಣ್ಣೆ. ಮೂವರಿರುವ ನಮ್ಮ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಹೋಗುತ್ತಿತ್ತು. ಕರಿಯುವುದನ್ನು ಹಬ್ಬಕ್ಕೆ ಮಾತ್ರ ಇಟ್ಟುಕೊಂಡ ಮೇಲೆ ಎರಡೂವರೆ ಸಾಕಾಗುತ್ತಿತ್ತು. ಕಲ್ಲಂಗಡಿ, ಕರಬೂಜಗಳನ್ನು ಹೋಳಾಗಿ ತಿನ್ನಿ, ಸಕ್ಕರೆ ಹಾಕಿದ ಜ್ಯೂಸ್ ಬೇಡ. ಯುಗಾದಿಯ ಒಬ್ಬಟ್ಟನ್ನು ಮಾತ್ರ ದಯವಿಟ್ಟು ತಿನ್ನಿ. ವರ್ಷಕ್ಕೊಮ್ಮೆ ಅಮ್ಮ ತಟ್ಟಿ ಬೇಯಿಸಿದ್ದನ್ನು ಮುಂದಿಟ್ಟಾಗ ಬೇಡವೆನ್ನುವ ಪಥ್ಯ ಪಥ್ಯವೇ ಅಲ್ಲ.

ಬಿಸಿಲಿನ ವಿಷಯ ಹಗುರವಾಗಿ ಎಣಿಸಬೇಡಿ. ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಓಡುತ್ತದೆ ಎನ್ನುತ್ತಾರಲ್ಲ, ಆಮೇಲೆ ಸೆಕೆ ಏರುವುದು ಬಲು ಬೇಗ. ಬಿಸಿಗೆ ಹೊಂದಿಕೊಳ್ಳಲು ಮೈಗೆ ಒಂದೆರಡು ವಾರ ಬೇಕು, ಅದಕ್ಕೇ ಈಗಲೇ ಶುರು ಮಾಡಿ ಎನ್ನುವುದು. ಮಾರ್ಚ್ ಬಂದ ಮೇಲೆ ಏಳೂವರೆಯೊಳಗೆ ಆಟ ಮುಗಿಸಿ. ಹೊರಡುವ ಮೊದಲು ಒಂದು ಲೋಟ ನೀರು, ನಡುನಡುವೆ ಗುಟುಕು, ಬೆವರು ಹೆಚ್ಚಿದ್ದರೆ ಉಪ್ಪು ಹಾಕಿದ ನೀರು ಮಜ್ಜಿಗೆ. ತಲೆ ಸುತ್ತಿದರೆ, ಬಿಸಿಲಲ್ಲೂ ಮೈ ನಡುಗಿದರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಬನ್ನಿ. ಎದೆ ಬಿಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ನುಂಗುತ್ತಿದ್ದರೆ ಶುರು ಮಾಡುವ ಮೊದಲೇ ನಿಮ್ಮ ವೈದ್ಯರ ಬಳಿ ಒಂದು ಮಾತು ಕೇಳಿ.

ಕೊನೆಗೆ, ಜೊತೆಗೆ ಬರುವವರು ಯಾರೂ ಇಲ್ಲ ಎಂದು ಬರೆದಿದ್ದೀರಿ. ನಿಮ್ಮ ತಂಗಿಗೆ ರಿಂಗ್ ಬರುತ್ತದೆಯೇ ಎಂದು ಇವತ್ತು ಸಂಜೆ ಕೇಳಿ ನೋಡಿ. ನಮ್ಮಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಬಹಳಷ್ಟು ಹೆಣ್ಣುಮಕ್ಕಳ ಕೈಗೆ ಅದರ ರೂಢಿ ಇರುತ್ತದೆ. ರಿಂಗು ಯಾವ ಆಟದ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ, ಹಗ್ಗ ಮನೆಯಲ್ಲೇ ಇದೆ. ಅವಳು ಗಂಡನ ಮನೆಗೆ ಹೊರಡುವ ಮುಂಚೆ ನಿಮ್ಮಿಬ್ಬರಿಗೂ ಇನ್ನು ಹನ್ನೊಂದು ವಾರದ ಬೆಳಗುಗಳಿವೆ.