ಊಟದ ಹೆಸರನ್ನು ಕೇಳಬೇಡಿ, ಅದು ಯಾವುದರಲ್ಲಿ ಬೆಂದಿದೆ ಎಂದು ಕೇಳಿ

ದೊಡ್ಡ ನಗರವೊಂದಕ್ಕೆ ಒಂದು ವಾರದ ಮಟ್ಟಿಗೆ ಹೋಗುತ್ತಿದ್ದೇನೆ, ಒಳ್ಳೆಯ ವೀಗನ್ (ಮಾಂಸ, ಮೀನಷ್ಟೇ ಅಲ್ಲ, ಹಾಲು, ಮೊಟ್ಟೆ, ಜೇನನ್ನೂ ಬಳಸದ) ಹೋಟೆಲುಗಳನ್ನು ತೋರಿಸುವ ಆ್ಯಪ್ ಯಾವುದು, ಅಂಥ ಹೋಟೆಲಿನ ಪಕ್ಕದಲ್ಲೇ ಕೋಣೆ ಹಿಡಿಯಲೇ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ನಾನು ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಹೊರಟಿದ್ದೆ, ಮತ್ತು ನೀವು ಯೋಚಿಸುತ್ತಿರುವಂತೆಯೇ ಹೋಟೆಲಿನ ಪಕ್ಕದಲ್ಲಿ ಕೋಣೆ ಹಿಡಿದಿದ್ದೆ.

ಆಗ ನಾನು ಹಾಲು, ಮೊಟ್ಟೆ, ಜೇನು ಎಲ್ಲವನ್ನೂ ಬಿಟ್ಟು ನಾಲ್ಕು ವರ್ಷ ತುಂಬಿತ್ತು. ಆರು ದಿನಗಳ ತರಬೇತಿಗೆ ಹೋಗಿದ್ದೆ. ಕೊನೆಯ ದಿನ ಅರ್ಧ ಗಂಟೆ ಮಾತನಾಡಿ ನಾನು ಮಾಡಿದ್ದ ಕೆಲಸವನ್ನು ವಿವರಿಸಬೇಕಿತ್ತು, ಅದರ ಮೇಲೆ ಮುಂದಿನ ಹಂತದ ಹೊಣೆ ಯಾರಿಗೆ ಎಂಬುದು ತೀರ್ಮಾನವಾಗಬೇಕಿತ್ತು. ಪಟ್ಟಿಯೊಂದರಲ್ಲಿ ಕಂಡ ಪೂರ್ಣ ವೀಗನ್ ಹೋಟೆಲಿಗೆ ಎರಡು ನಿಮಿಷದ ದಾರಿಯಲ್ಲಿದ್ದ ವಸತಿಗೃಹಕ್ಕೆ ಹೆಚ್ಚು ಬಾಡಿಗೆ ಕೊಟ್ಟು, ತಿಂಗಳ ಮೊದಲೇ ಕೋಣೆ ಕಾಯ್ದಿರಿಸಿದ್ದೆ. ರಾತ್ರಿ ತಲುಪಿ ನೋಡಿದರೆ ಆ ಹೋಟೆಲಿನ ಬಾಗಿಲಿಗೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ಪಟ್ಟಿಯಲ್ಲಿ ಅದರ ಬಗ್ಗೆ ಬರೆದಿದ್ದ ಕೊನೆಯ ಅಭಿಪ್ರಾಯ ಒಂದೂವರೆ ವರ್ಷ ಹಳೆಯದು ಎಂಬುದನ್ನು ನಾನು ಆ ರಾತ್ರಿ ಮೊದಲ ಬಾರಿಗೆ ಗಮನಿಸಿದೆ. ಪಟ್ಟಿಯಲ್ಲಿದ್ದ ಉಳಿದ ಹೋಟೆಲುಗಳಿಗೆ ಹೋಗಿಬರಲು ಒಂದೂವರೆ ಗಂಟೆಯಾದರೂ ಬೇಕಿತ್ತು, ತರಬೇತಿಯಲ್ಲಿ ಊಟಕ್ಕೆ ಕೊಡುತ್ತಿದ್ದ ಬಿಡುವು ಮುಕ್ಕಾಲು ಗಂಟೆ.

ಮರುದಿನ ಮಧ್ಯಾಹ್ನ ತರಬೇತಿಯ ಕಟ್ಟಡದ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಹೋಟೆಲ್ ಕಂಡಿತು. ಬೇಳೆ ಮತ್ತು ತರಕಾರಿ ಹಾಕಿದ ಬಿಸಿ ಸಾರು, ಜೊತೆಗೆ ಅನ್ನ. ಬಡಿಸುತ್ತಿದ್ದ ಯುವಕನನ್ನು ನಾನು, "ಇದು ವೀಗನ್ ತಾನೇ?" ಎಂದು ಕೇಳಿದೆ. ಆತ ನಗುತ್ತ ಹೌದೆಂದು ತಲೆಯಾಡಿಸಿದ. ಮೂರು ದಿನ ಅಲ್ಲಿಯೇ ಉಂಡೆ. ರುಚಿಯಾಗಿತ್ತು, ಹತ್ತಿರವಿತ್ತು, ನನ್ನ ಚಿಂತೆ ಕಳೆಯಿತು ಎಂದುಕೊಂಡೆ. ನಾಲ್ಕನೆಯ ದಿನ ಊಟದ ಹೊತ್ತು ಮೀರಿ ಹೋದಾಗ ಅಡುಗೆಮನೆಯ ಬಾಗಿಲು ತೆರೆದಿತ್ತು. ಅಡುಗೆಯವರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದ ನೀರಿಗೆ ಡಬ್ಬಿಯೊಂದರಿಂದ ಎರಡು ಸೌಟು ಪುಡಿ ಸುರಿಯುವುದನ್ನು ಕಂಡೆ. ಡಬ್ಬಿಯ ಮೇಲೆ ಮೀನಿನ ಚಿತ್ರವಿತ್ತು. ಮೂರು ದಿನ ನಾನು ಹೊಟ್ಟೆ ತುಂಬ ಉಂಡಿದ್ದು ಒಣಮೀನಿನ ಪುಡಿಯ ಸಾರು.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಬಿಡಿ. ನಿಮಗೆ ಉಪಯೋಗಕ್ಕೆ ಬರುವುದು ಅದೇ ಎಂದು ನಾನು ನಂಬಿದ್ದೇನೆ.

ಆ ಯುವಕ ಸುಳ್ಳು ಹೇಳಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಕೆಟ್ಟದ್ದು. "ತಾನೇ" ಎಂದು ಮುಗಿಯುವ ಪ್ರಶ್ನೆಯೊಳಗೆ ಉತ್ತರ ಮೊದಲೇ ಕೂತಿರುತ್ತದೆ, ಕೇಳಿಸಿಕೊಂಡವರು ಅದನ್ನು ಎತ್ತಿ ಕೊಡುತ್ತಾರೆ ಅಷ್ಟೆ. ಹತ್ತು ಮೇಜುಗಳ ನಡುವೆ ಓಡಾಡುತ್ತಿರುವ ಮನುಷ್ಯನಿಗೆ ಹೌದು ಎನ್ನುವುದು ಒಂದು ಕ್ಷಣದ ಕೆಲಸ, ಅಲ್ಲ ಎನ್ನುವುದು ವಿವರಣೆಯ ಕೆಲಸ. ಎರಡನೆಯದಾಗಿ, ನಾನು ಒಂದು ಹೆಸರನ್ನು ಹಿಡಿದು ಕೇಳಿದ್ದೆ. ವೀಗನ್ ಎಂಬುದು ಬಹಳ ಹಳೆಯ ಪದವೇನೂ ಅಲ್ಲ. 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿಯನ್ನು ಆರಂಭಿಸಿದಾಗ, ಹಾಲು ಮೊಟ್ಟೆಗಳನ್ನೂ ಬಿಟ್ಟವರಿಗೆ ಬೇರೆ ಹೆಸರು ಬೇಕೆಂದು ಕಟ್ಟಿಕೊಂಡದ್ದು ಅದು. ಒಬ್ಬರಿಗೆ ಅದು ಸಸ್ಯಾಹಾರದ ಇನ್ನೊಂದು ಹೆಸರು, ಇನ್ನೊಬ್ಬರಿಗೆ ತಟ್ಟೆಯಲ್ಲಿ ಮಾಂಸದ ತುಂಡು ಕಾಣದ ಊಟ, ಮತ್ತೊಬ್ಬರಿಗೆ ಆರೋಗ್ಯಕ್ಕೆ ಒಳ್ಳೆಯ ತಿನಿಸು. ಆ ಯುವಕನ ಕಣ್ಣಿಗೆ ಪಾತ್ರೆಯಲ್ಲಿದ್ದದ್ದು ಬೇಳೆ ಮತ್ತು ತರಕಾರಿ. ಪುಡಿ ಅವನ ಲೆಕ್ಕದಲ್ಲಿ ಉಪ್ಪಿನಂಥ ಒಂದು ವಸ್ತು, ಅದನ್ನು ಯಾರೂ ಆಹಾರವೆಂದು ಎಣಿಸುವುದಿಲ್ಲ. ಮೂರನೆಯದು, ನಾನು ಕೇಳಿದ್ದು ಬಡಿಸುವವನನ್ನು, ಬೇಯಿಸಿದವರನ್ನಲ್ಲ. ನಾಲ್ಕನೆಯದು ನನಗೆ ಇವತ್ತಿಗೂ ನೋವು ಕೊಡುವಂಥದ್ದು: ಮೊದಲ ದಿನ ಸಿಕ್ಕ ಒಂದು ತಲೆಯಾಟವನ್ನು ನಾನು ಮೂರು ದಿನಗಳ ಪರವಾನಗಿ ಮಾಡಿಕೊಂಡೆ. ಹೌದೆಂಬ ಉತ್ತರ ನನಗೆ ಬೇಕಾಗಿತ್ತು, ಅದು ಸಿಕ್ಕಿದ ಮೇಲೆ ಮತ್ತೆ ಕೇಳುವ ಮನಸ್ಸಾಗಲಿಲ್ಲ.

"ಈ ಸಾರಿನ ನೀರಿಗೆ ಏನೇನು ಹಾಕಿ ಕುದಿಸಿದ್ದೀರಿ?" ಎಂದು ಕೇಳಿದ್ದರೆ ಆತನಿಗೆ ಹೌದು ಎನ್ನಲು ದಾರಿಯೇ ಇರುತ್ತಿರಲಿಲ್ಲ. ಒಳಗೆ ಹೋಗಿ ಕೇಳಿಕೊಂಡು ಬರಬೇಕಾಗುತ್ತಿತ್ತು, ಡಬ್ಬಿಯ ಮಾತು ಅಲ್ಲಿಯೇ ಹೊರಬೀಳುತ್ತಿತ್ತು. ಒಂದು ವಾಕ್ಯದ ವ್ಯತ್ಯಾಸ.

ಆಮೇಲೆ ಆದದ್ದು ತಪ್ಪಿಗಿಂತ ದೊಡ್ಡದು. ನಾಲ್ಕನೆಯ ದಿನದಿಂದ ಯಾವ ಅಡುಗೆಯನ್ನೂ ನಂಬಲಾಗದೆ ಬಾಳೆಹಣ್ಣು ಮತ್ತು ಬ್ರೆಡ್ಡಿನಲ್ಲಿ ಕಾಲ ಹಾಕಿದೆ. ಐದನೆಯ ದಿನ ಬ್ರೆಡ್ಡಿನ ಹೊದಿಕೆಯನ್ನು ಓದಿದಾಗ ಅದರಲ್ಲಿ ಹಾಲಿನ ಪುಡಿ ಇರುವುದು ತಿಳಿದು ಅದನ್ನೂ ಬಿಟ್ಟೆ. ಆರನೆಯ ದಿನ ಮಾತನಾಡಲು ನಿಂತಾಗ ಕೈ ನಡುಗುತ್ತಿತ್ತು, ಗೊತ್ತಿದ್ದ ಅಂಕಿಗಳು ನೆನಪಿಗೆ ಬರಲಿಲ್ಲ, ಹತ್ತು ನಿಮಿಷಕ್ಕೆ ಕ್ಷಮೆ ಕೇಳಿ ಕುಳಿತುಕೊಂಡೆ. ಎರಡು ವರ್ಷ ಕಷ್ಟಪಟ್ಟ ಕೆಲಸದ ಮುಂದಿನ ಹಂತ ಬೇರೆಯವರ ಕೈಗೆ ಹೋಯಿತು. ಅವರು ಅದಕ್ಕೆ ಯೋಗ್ಯರೇ ಆಗಿದ್ದರು ಎಂಬುದನ್ನೂ ಹೇಳಬೇಕು.

ಅದೇ ದಿನ ಸಂಜೆ ನಾಲ್ಕರ ಹೊತ್ತಿಗೆ, ಹೋಟೆಲ್ ಖಾಲಿಯಿರುವ ಸಮಯ ನೋಡಿಕೊಂಡು ಮತ್ತೆ ಅಲ್ಲಿಗೆ ಹೋದೆ. ದೂರುವುದಕ್ಕಲ್ಲ, ಹಸಿವಾಗಿತ್ತು. ಅಡುಗೆ ಮಾಡುವ ಹಿರಿಯ ಹೆಂಗಸನ್ನು ಕಾಣಬೇಕೆಂದು ಕೇಳಿಕೊಂಡು, ಫೋನಿನ ಅನುವಾದದ ನೆರವಿನಿಂದ ನಾನು ಏನನ್ನು ತಿನ್ನುವುದಿಲ್ಲ ಎಂಬುದನ್ನು ಒಂದೊಂದಾಗಿ ತೋರಿಸಿದೆ. ಅವರು ಒಳಗೆ ಕರೆದು ಕಪಾಟಿನ ಡಬ್ಬಿಗಳನ್ನು ಒಂದೊಂದೇ ತೆಗೆದು ಮೇಜಿನ ಮೇಲಿಟ್ಟರು. ನಾನು ಬೆರಳು ತೋರಿಸಿದವನ್ನು ಒಂದು ಕಡೆಗೆ ಸರಿಸಿದರು. ಒಣ ಅಣಬೆ, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಹಾಕಿ ಬೇರೆ ಸಣ್ಣ ಪಾತ್ರೆಯಲ್ಲಿ ನೀರು ಕುದಿಸಿ, ಬೇಯಿಸಿಟ್ಟಿದ್ದ ಬೇಳೆಯನ್ನು ಅದಕ್ಕೆ ಸೇರಿಸಿದರು. ಅರ್ಧ ಗಂಟೆ ಕೂಡ ಹಿಡಿಯಲಿಲ್ಲ. ಬಡಿಸುವಾಗ ಅವರು ಕೇಳಿದ್ದು ಒಂದೇ ಮಾತು, ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ವೀಗನ್ ಹೋಟೆಲನ್ನು ಹುಡುಕುವುದು ನಿಮ್ಮ ಕೆಲಸವಲ್ಲ, ನಿಮಗೆ ಬೇಕಾದ ಊಟವನ್ನು ಮಾಡಿಕೊಡಬಲ್ಲ ಅಡುಗೆಮನೆಯನ್ನು ಹುಡುಕುವುದು ನಿಮ್ಮ ಕೆಲಸ. ದೊಡ್ಡ ನಗರದಲ್ಲಿ ಮೊದಲನೆಯದು ಕೆಲವೇ ಇರುತ್ತವೆ, ಚದುರಿಕೊಂಡಿರುತ್ತವೆ. ಎರಡನೆಯದು ಪ್ರತಿ ಬೀದಿಯಲ್ಲಿಯೂ ಸಿಗುತ್ತದೆ. ಆರ್ಡರ್ ಕೊಟ್ಟ ಮೇಲೆ ಬೇಯಿಸುವ ಜಾಗ ಬೇಕು, ಬೆಳಿಗ್ಗೆಯೇ ಒಂದೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟು ದಿನವಿಡೀ ಬಡಿಸುವ ಜಾಗ ಬೇಡ, ಏಕೆಂದರೆ ಪಾತ್ರೆಯೊಳಗೆ ಬಿದ್ದದ್ದನ್ನು ಯಾರೂ ತೆಗೆದುಕೊಡಲಾರರು. ಊಟದ ಭರಾಟೆಯ ಒಂದು ಗಂಟೆಯಲ್ಲಿ ಹೋಗಿ ಕೇಳಬೇಡಿ. ತಲುಪಿದ ಮೊದಲ ದಿನವೇ, ಹಸಿವಾಗುವ ಮೊದಲೇ, ನಿಮ್ಮ ಕೆಲಸದ ಜಾಗದ ಸುತ್ತಲಿನ ಎರಡು ಮೂರು ಹೋಟೆಲುಗಳಿಗೆ ಬಿಡುವಿನ ಹೊತ್ತಿನಲ್ಲಿ ಹೋಗಿ ಮಾತನಾಡಿ ಬನ್ನಿ. ಕೇಳಬೇಕಾದದ್ದು ಮೂರೇ ಸಂಗತಿ: ಇದು ಯಾವ ನೀರಿನಲ್ಲಿ ಬೆಂದಿದೆ, ಯಾವ ಜಿಡ್ಡಿನಲ್ಲಿ ಹುರಿದಿದೆ, ಕೊನೆಯಲ್ಲಿ ಮೇಲೆ ಏನು ಹಾಕುತ್ತೀರಿ. ಸಾರಿಗೆ ಮೂಳೆ ಅಥವಾ ಮೀನಿನ ಪುಡಿ, ಹುರಿಯಲು ಬೆಣ್ಣೆ ಅಥವಾ ಪ್ರಾಣಿಯ ಕೊಬ್ಬು, ಕೊನೆಯಲ್ಲಿ ಹೊಳಪಿಗೆಂದು ಒಂದು ತುಂಡು ಬೆಣ್ಣೆ ಅಥವಾ ಒಂದು ಚಮಚ ಕೆನೆ. ತರಕಾರಿಯೆಂದು ಬರೆದಿರುವ ಊಟ ಕೆಡುವುದು ಬಹುಮಟ್ಟಿಗೆ ಈ ಮೂರು ಕಡೆಗಳಲ್ಲಿ.

ಆ್ಯಪ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. 1999ರಲ್ಲಿ ಆರಂಭವಾದ ಹ್ಯಾಪಿಕೌ ಈಗಲೂ ನನ್ನ ಫೋನಿನಲ್ಲಿದೆ. ಅದು ಪೂರ್ಣ ವೀಗನ್, ಸಸ್ಯಾಹಾರಿ, ಮತ್ತು ವೀಗನ್ ಆಯ್ಕೆಗಳಿರುವ ಹೋಟೆಲುಗಳನ್ನು ಬೇರೆಬೇರೆಯಾಗಿ ತೋರಿಸುತ್ತದೆ, ಬಳಸುವವರೇ ಮಾಹಿತಿ ಸೇರಿಸುತ್ತಾರೆ. ಅದರಲ್ಲಿ ಮೊದಲು ನೋಡಬೇಕಾದದ್ದು ಅಂಕಗಳನ್ನಲ್ಲ, ಕೊನೆಯ ಅಭಿಪ್ರಾಯದ ದಿನಾಂಕವನ್ನು. ಮೂರು ತಿಂಗಳಿಗಿಂತ ಹಳೆಯದಾದರೆ ಹೊರಡುವ ಮೊದಲು ಫೋನ್ ಮಾಡಿ. ಕೋಣೆಯನ್ನು ಮಾತ್ರ ಯಾವ ಹೋಟೆಲನ್ನೂ ನಂಬಿ ಹಿಡಿಯಬೇಡಿ. ಒಂದು ಒಲೆ, ಒಂದು ಪಾತ್ರೆ, ಸಣ್ಣ ಫ್ರಿಜ್ ಇರುವ ಕೋಣೆ ಹಿಡಿಯಿರಿ, ಹತ್ತಿರದಲ್ಲಿ ಸೂಪರ್‌ಮಾರ್ಕೆಟ್ ಇದ್ದರೆ ಸಾಕು. ಬೇಯಿಸಿ ಡಬ್ಬಿಯಲ್ಲಿ ತುಂಬಿದ ಕಡಲೆಕಾಳು, ಅಕ್ಕಿ, ಕಡಲೆಕಾಯಿ, ಹಣ್ಣು, ಸೊಪ್ಪು ಎಲ್ಲೆಡೆ ಸಿಗುತ್ತವೆ, ಅವುಗಳಿಂದ ಬೆಳಗಿನ ಹೊಟ್ಟೆ ತುಂಬಿಸಿಕೊಂಡು ಹೊರಟರೆ ಮಧ್ಯಾಹ್ನ ಒಂದು ಬಾಗಿಲು ಮುಚ್ಚಿದರೂ ಕೈಕಾಲು ನಡುಗುವುದಿಲ್ಲ. ವಿಟಮಿನ್ ಬಿ12 ಮಾತ್ರೆಯನ್ನು ಮನೆಯಿಂದಲೇ ಒಯ್ಯಿರಿ, ವೀಗನ್ ಊಟದಿಂದ ಅದು ಸಾಕಷ್ಟು ಸಿಗುವುದಿಲ್ಲ.

ಅಂಗಡಿಯ ಪೊಟ್ಟಣಗಳನ್ನು ಓದುವುದು ಹೋಟೆಲಿನಲ್ಲಿ ಕೇಳುವುದಕ್ಕಿಂತ ಸುಲಭ, ಆದರೆ ಅಭ್ಯಾಸ ಬೇಕು. ಕೇಸಿನ್ ಮತ್ತು ವೇ ಎಂದರೆ ಹಾಲಿನಿಂದ ಬಂದವು. ಜೆಲಟಿನ್ ಪ್ರಾಣಿಯ ಚರ್ಮ ಮತ್ತು ಮೂಳೆಯಿಂದ ಬಂದದ್ದು. ಇ120 ಎಂಬ ಕೆಂಪು ಬಣ್ಣ ಕೀಟದಿಂದ ತೆಗೆದದ್ದು, ಇ901 ಜೇನುಮೇಣ, ಇ904 ಅರಗು, ಅದೂ ಕೀಟದಿಂದಲೇ ಬಂದದ್ದು. ವೀಗನ್ ಸೊಸೈಟಿಯ ಸೂರ್ಯಕಾಂತಿ ಹೂವಿನ ಗುರುತು 1990ರಿಂದ ಬಳಕೆಯಲ್ಲಿದೆ, ಅದು ಕಂಡರೆ ಇಷ್ಟು ಓದುವ ಕಷ್ಟವಿಲ್ಲ. ನೀವು ಹೋಗುವ ನಗರ ಐರೋಪ್ಯ ಒಕ್ಕೂಟದಲ್ಲಿದ್ದರೆ ಇನ್ನೊಂದು ಅನುಕೂಲವಿದೆ: 2014ರ ಡಿಸೆಂಬರ್‌ನಿಂದ ಅಲ್ಲಿನ ಹೋಟೆಲುಗಳು ಕೂಡ ತಮ್ಮ ಅಡುಗೆಯಲ್ಲಿರುವ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕು. ಹಾಲು, ಮೊಟ್ಟೆ, ಮೀನು, ಸೀಗಡಿ ಏಡಿಗಳ ವರ್ಗ, ಚಿಪ್ಪುಜೀವಿಗಳು ಅದರಲ್ಲಿವೆ. ನನ್ನ ಸಾರಿನ ಪುಡಿ ಅಂಥ ಪಟ್ಟಿಯಲ್ಲಿ ಮೀನಿನ ಕಾಲಮಿನಲ್ಲಿ ಸಿಕ್ಕಿಬೀಳುತ್ತಿತ್ತು. ಆದರೆ ಮಾಂಸ, ಪ್ರಾಣಿಯ ಕೊಬ್ಬು, ಜೆಲಟಿನ್, ಜೇನು ಆ 14ರಲ್ಲಿಲ್ಲ, ಹಾಗಾಗಿ ಪಟ್ಟಿ ಓದಿ ಮುಗಿದ ಮೇಲೂ ಬಾಯಿಬಿಟ್ಟು ಕೇಳಬೇಕು. ವಿಮಾನದಲ್ಲಿ ಊಟವಿದ್ದರೆ ಹೊರಡುವುದಕ್ಕೆ ಎರಡು ದಿನ ಮೊದಲೇ ವಿಜಿಎಂಎಲ್ (VGML) ಎಂಬ ಸಂಕೇತದ ವೀಗನ್ ಊಟವನ್ನು ಹೇಳಿಡಿ. ಎವಿಎಂಎಲ್ (AVML) ಎಂಬುದೂ ಸಸ್ಯಾಹಾರವೇ ಆದರೂ ಅದರಲ್ಲಿ ಹಾಲಿನ ಪದಾರ್ಥ ಇರಬಹುದು.

ಇನ್ನು ಭಾಷೆ. ಹಲವು ಭಾಷೆಗಳಲ್ಲಿ ವೀಗನ್ ಆಹಾರವನ್ನು ವಿವರಿಸುವ ವೀಗನ್ ಪಾಸ್‌ಪೋರ್ಟ್ ಎಂಬ ಕಿರುಹೊತ್ತಗೆಯನ್ನು ವೀಗನ್ ಸೊಸೈಟಿಯೇ ಹೊರತಂದಿದೆ, ಅದು ಸಿಕ್ಕರೆ ಒಯ್ಯಿರಿ. ನಾನು ಈಗ ನನ್ನದೇ ಚೀಟಿಯನ್ನು ಮಾಡಿಕೊಂಡು ಹೋಗುತ್ತೇನೆ. ಆ ಊರಿನ ಭಾಷೆ ಬಲ್ಲ ಒಬ್ಬರಿಂದ ತಿದ್ದಿಸಿ, ಅಲ್ಲಿನ ಲಿಪಿಯಲ್ಲಿಯೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿಕೊಂಡಿರುತ್ತೇನೆ. ವೀಗನ್ ಎಂಬ ಪದವೇ ಅದರಲ್ಲಿಲ್ಲ. ಅದರಲ್ಲಿರುವುದು ಇಷ್ಟು: "ನಾನು ಮಾಂಸ, ಮೀನು, ಮೊಟ್ಟೆ, ಹಾಲು, ಬೆಣ್ಣೆ, ಜೇನು ತಿನ್ನುವುದಿಲ್ಲ. ಅವುಗಳಿಂದ ಮಾಡಿದ ಸಾರು, ಪುಡಿ, ಕೊಬ್ಬು ಕೂಡ ಬೇಡ. ಅಕ್ಕಿ, ಬೇಳೆ, ಕಾಳು, ತರಕಾರಿ, ಅಣಬೆ, ಎಣ್ಣೆ, ಉಪ್ಪು, ಮೆಣಸು ಎಲ್ಲವೂ ಆಗುತ್ತದೆ. ಇವುಗಳಲ್ಲಿ ನಿಮಗೆ ಅನುಕೂಲವಾದದ್ದನ್ನು ಮಾಡಿಕೊಡಿ, ನಾನು ಕಾಯುತ್ತೇನೆ."

ನೀವು ಬರೆದುಕೊಳ್ಳುವಾಗ ಮೂರನೆಯ ವಾಕ್ಯವನ್ನು ಬಿಡಬೇಡಿ. ಬೇಡ ಎಂಬುದನ್ನಷ್ಟೇ ಓದಿದ ಅಡುಗೆಯವರು ಕೈಚೆಲ್ಲುವುದನ್ನು ನಾನು ಕಂಡಿದ್ದೇನೆ, ಆಗುತ್ತದೆ ಎಂಬ ಸಾಲಿಗೆ ಬಂದಾಗ ಅದೇ ಅಡುಗೆಯವರು ಒಳಗೆ ತಿರುಗಿ ಕಪಾಟನ್ನು ನೋಡುತ್ತಾರೆ.